ಹದಿನೇಳನೇ ಪುಸ್ತಕದ ಷರಾ

ಸರೋವರದ ದಡದ ಬಾಲಿಕ್ಚಿಯಲ್ಲಿ ಗಾಳಿ ಬೀಸದ ದಿನ ಜನ ಒಬ್ಬರ ಮುಖ ಒಬ್ಬರು ನೋಡಿ, ಏನಾಯಿತು ಎಂದು ಕೇಳುತ್ತಾರೆ. ಅಂಥ ಊರಿನಲ್ಲಿ ಮನೆ ಮೇಲೆ ಹನ್ನೆರಡು ಮೀಟರಿನ ಕಂಬ ನೆಟ್ಟು ಆಂಟೆನಾ ಕಟ್ಟುವವನಿಗೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲವೇ ಹಟ ಇರಬೇಕು. ಕಸಿಮಾಲಿಯ ವಿಷಯದಲ್ಲಿ ಎರಡೂ ನಿಜ ಎಂದು ಅವನ ಹೆಂಡತಿ ಅನಾರ್ಕುಲ್ ಹೇಳುತ್ತಾಳೆ. ಗಾಳಿಗೆ ಕಂಬ ಒಂಬತ್ತು ಸಲ ಬಿದ್ದಿದೆ, ಎರಡು ಸಲ ಪಕ್ಕದ ಮನೆಯ ಕೋಳಿಗೂಡಿನ ಮೇಲೆ.

ಸರೋವರದಲ್ಲಿ ಸರಕಿನ ಹಡಗು ಓಡುತ್ತಿದ್ದ ಕಾಲದಲ್ಲಿ ಅವನು ಬಂದರಿನ ರೇಡಿಯೋ ಆಪರೇಟರ್. ಹಡಗು ನಿಂತವು, ಕ್ರೇನಿಗೆ ತುಕ್ಕು ಹಿಡಿಯಿತು, ಕಸಿಮಾಲಿಗೆ ಪಿಂಚಣಿಯೂ ಬಂತು. ಆದರೆ ಮನೆಯ ರೇಡಿಯೋ ನಿಲ್ಲಲಿಲ್ಲ. ಅದು ಸಂಬಳದ್ದಲ್ಲ, ಹವ್ಯಾಸದ್ದು. ಮೋರ್ಸ್ ಕೀ ಕುಟ್ಟಿ ಪ್ರಪಂಚದ ಇನ್ನೊಂದು ಮೂಲೆಯಲ್ಲಿ ಅದೇ ಹುಚ್ಚು ಹಿಡಿದು ಕೂತವನಿಗೆ ‘ನಿನ್ನ ದನಿ ಚೆನ್ನಾಗಿ ಕೇಳುತ್ತಿದೆ’ ಎಂದು ಹೇಳುವುದು, ಅವನಿಂದಲೂ ಅಷ್ಟನ್ನೇ ಹೇಳಿಸಿಕೊಳ್ಳುವುದು. ಯಾರು, ಯಾವಾಗ, ಎಷ್ಟು ಚೆನ್ನಾಗಿ ಎಂದು ಲಾಗ್ ಪುಸ್ತಕದಲ್ಲಿ ಬರೆದಿಡಬೇಕು. ಬರೆಯದಿದ್ದರೆ ಆ ಮಾತು ಆಡಿಯೇ ಇಲ್ಲ.

ಬರೆಯುವವಳು ಅನಾರ್ಕುಲ್. ಅವಳು ತಂತಿ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಇದ್ದವಳು. ಮದುವೆಯಾದ ಮೊದಲ ಚಳಿಗಾಲದಲ್ಲೇ ಗಂಡನ ಕೋಳಿಕಾಲಿನ ಅಕ್ಷರ ನೋಡಲಾರದೆ ಪೆನ್ನು ಕಿತ್ತುಕೊಂಡಳು. ಅಂದಿನಿಂದ ಅವನು ಹೆಡ್‌ಫೋನ್ ಹಾಕಿಕೊಂಡು ಹೇಳುವುದು, ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುವುದು. ತಾರೀಕು, ಸಮಯ, ಅತ್ತಲಿನವನ ಗುರುತಿನ ಕಾಲ್‌ಸೈನ್, ದನಿಯ ಗುಣ. ಕೊನೆಗೊಂದು ಅಗಲದ ಕಾಲಂ, ಷರಾ. ಹೀಗೆ ನಲವತ್ತೊಂದು ಪುಸ್ತಕ ತುಂಬಿವೆ.

ಆಗೆಲ್ಲ ಇಡೀ ದೇಶದ ರೈಲು, ತಂತಿ, ರೇಡಿಯೋ ನಡೆಯುತ್ತಿದ್ದದ್ದು ಮಾಸ್ಕೋ ಗಡಿಯಾರದ ಪ್ರಕಾರ. ರೇಡಿಯೋ ಕೋಣೆಯ ಗೋಡೆಗೂ ಲಾಗ್ ಪುಸ್ತಕಕ್ಕೂ ಮಾಸ್ಕೋ ಸಮಯ, ಅಡುಗೆಮನೆಯ ಗೋಡೆಗೆ ಊರಿನ ಸಮಯ. ಎರಡರ ನಡುವೆ ಮೂರು ಗಂಟೆ ಮತ್ತು ಒಂದು ಬಾಗಿಲು.

ಹವ್ಯಾಸಿಗಳಲ್ಲಿ ಒಂದು ಪಟ್ಟಿ ಇದೆ. ಪ್ರಪಂಚದ ಎಲ್ಲ ದೇಶ, ಎಲ್ಲ ಬಿಡಿ ದ್ವೀಪಗಳ ಜೊತೆ ಮಾತಾಡಿ, ಮಾತಾಡಿದ್ದು ನಿಜ ಎಂದು ಅತ್ತಲಿನವರಿಂದ ದೃಢಪಡಿಸಿಕೊಂಡರೆ ಪಟ್ಟಿ ಪೂರ್ತಿ. ಕಸಿಮಾಲಿಗೆ ಒಂದೇ ಒಂದು ಬಾಕಿ: ದಕ್ಷಿಣ ಸಾಗರದ ಒಂದು ಹಿಮದ್ವೀಪ. ಅಲ್ಲಿರುವುದು ಪೆಂಗ್ವಿನ್ ಮಾತ್ರ. ಅವಕ್ಕೆ ರೇಡಿಯೋ ಗೀಳಿಲ್ಲ. ಸಾವಿರದೊಂಬೈನೂರ ಎಂಬತ್ತೊಂಬತ್ತರ ಫೆಬ್ರವರಿಯಲ್ಲಿ ನಾರ್ವೆಯ ಎಯ್ವಿಂದ್ ಎಂಬವನು ಅಲ್ಲಿ ಎರಡು ವಾರ ಡೇರೆ ಹಾಕಿ ಕೂತಿದ್ದ. ಅರ್ಧ ಪ್ರಪಂಚ ಅವನನ್ನು ಒಟ್ಟಿಗೆ ಕರೆಯುತ್ತಿತ್ತು.

“ಮೂರು ಗಂಟೆ ಕರೆದೆ ಕಣಯ್ಯಾ,” ಎಂದು ಕಸಿಮಾಲಿ ಹೇಳದ ಮದುವೆಮನೆ ಈ ಊರಲ್ಲಿಲ್ಲ. “ನೀರು ಕುಡೀಲಿಲ್ಲ, ಎದ್ದು ಹೋಗ್ಲಿಲ್ಲ. ಮೂರು ಗಂಟೆ ಆದ್ಮೇಲೆ ಸಿಕ್ಕಿದ!”

ಪುಸ್ತಕವೂ ಅದನ್ನೇ ಹೇಳುತ್ತದೆ. ಹದಿನೇಳನೇ ಪುಸ್ತಕದಲ್ಲಿ ಹಿಂದಿನ ಸಾಲು 16:58. ದ್ವೀಪದ ಸಾಲು 20:10. ಆ ದಿನ ಅದೇ ಕೊನೆ ಸಾಲು, ಯಾಕೆಂದರೆ ಕಸಿಮಾಲಿ ಕುಣಿಯುತ್ತಾ ಬೀದಿಗೆ ಹೋಗಿ ಸಿಕ್ಕವರನ್ನೆಲ್ಲ ಮನೆಗೆ ಎಳೆದುಕೊಂಡು ಬಂದ. ಅನಾರ್ಕುಲ್ ಹಿಟ್ಟು ನಾದಿ, ತುಂಡು ಮಾಡಿ ಬೋರ್ಸೋಕ್ ಕರಿದಳು. ಅಷ್ಟು ಹಗುರವಾದ ಬೋರ್ಸೋಕ್ ಅವಳು ಹಿಂದೆಯೂ ಮಾಡಿಲ್ಲ, ಆಮೇಲೂ ಮಾಡಿಲ್ಲ ಎಂದು ಅವನು ಕತೆಗೆ ಸೇರಿಸುವುದುಂಟು. ಅತಿಥಿಗಳು ಹೋದ ಮೇಲೆ, ಅತ್‌ಬಾಶಿಯಲ್ಲಿ ಅವಳ ಅಪ್ಪ ತೀರಿಕೊಂಡರೆಂದು ತಂತಿ ಬಂದಿದೆ ಎಂದು ಅವಳು ಹೇಳಿದ್ದು, ಮಾರನೆಯ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟದ್ದು, ಇವನ್ನು ಮದುವೆಮನೆಯಲ್ಲಿ ಹೇಳುವುದಿಲ್ಲ.

ಮಾತಾಡಿದ್ದಕ್ಕೆ ಸಾಕ್ಷಿಯಾಗಿ ದ್ವೀಪದವನ ಕಾರ್ಡು ಮಾಸ್ಕೋ ದಾರಿಯಾಗಿ ಬರಬೇಕಿತ್ತು. ಅದು ದಾರಿಯಲ್ಲಿರುವಾಗ ದೇಶವೇ ಹದಿನೈದು ಹೋಳಾಯಿತು. ಕಾರ್ಡು ಯಾವ ಹೋಳಿನಲ್ಲಿ ಉಳಿಯಿತೋ ಗೊತ್ತಿಲ್ಲ. ಮೂವತ್ನಾಲ್ಕು ವರ್ಷ ಕಸಿಮಾಲಿ ಅಂಚೆಯವನ ದಾರಿ ಕಾದ.

ಈ ಫೆಬ್ರವರಿಯಲ್ಲಿ ಸುದ್ದಿ ಬಂತು. ಎಯ್ವಿಂದನಿಗೀಗ ಎಂಬತ್ನಾಲ್ಕು. ದ್ವೀಪದ ಲಾಗನ್ನು ಕಂಪ್ಯೂಟರಿಗೆ ಏರಿಸಿದ್ದಾನೆ; ಮಾರ್ಚ್ ಮುಗಿಯುವವರೆಗೆ ಕೇಳಿದವರಿಗೆಲ್ಲ ದೃಢಪಡಿಸಿ, ಆಮೇಲೆ ಬಾಗಿಲು ಹಾಕುತ್ತಾನೆ. ಕಾಗದ, ಫೋಟೋ ನಡೆಯುವುದಿಲ್ಲ. ಲಾಗ್ ಸಾಫ್ಟ್‌ವೇರಿನಿಂದ ತೆಗೆದ ಫೈಲನ್ನೇ ಕಳಿಸಬೇಕು, ಇಬ್ಬರ ಸಮಯ ಅರ್ಧ ಗಂಟೆಯೊಳಗೆ ಹೊಂದಬೇಕು, ಒಬ್ಬರಿಗೆ ಮೂರೇ ಅವಕಾಶ. ಅವನ ಪುಸ್ತಕದಲ್ಲಿ ಎಷ್ಟು ಗಂಟೆ ಇದೆಯೆಂದು ಅವನು ಹೇಳುವುದಿಲ್ಲ. ಹೇಳಿಬಿಟ್ಟರೆ ಮಾತಾಡದವರೂ ಮಾತಾಡಿದೆವು ಅನ್ನುತ್ತಾರೆ. ಈ ನಿಯಮ ಸರಿ ಎಂದು ಕಸಿಮಾಲಿಯೂ ಒಪ್ಪುತ್ತಾನೆ.

ಹೀಗಾಗಿ ಎಪ್ಪತ್ತಾರನೇ ವಯಸ್ಸಿನಲ್ಲಿ ಅವನು ಸಾಫ್ಟ್‌ವೇರ್ ಆರಿಸಲು ಕೂತ. ಗುರುವಾರ ಚಹಾಕ್ಕೆ ಬರುವ ಹವ್ಯಾಸಿ ಗೆಳೆಯರು ಇಬ್ಬರು: ರೈಲ್ವೆಯಿಂದ ನಿವೃತ್ತನಾದ ವಲೆರಿ, ಶಾಲೆಯಲ್ಲಿ ಭೌತಶಾಸ್ತ್ರ ಹೇಳುವ ಐದರಾಲಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದರಲ್ಲಿ ಇಬ್ಬರೂ ಸಮ.

“ಬಾಯ್ಕೆ, ನಂದು ಹಾಕ್ಕೊಳ್ಳಿ,” ಎಂದ ವಲೆರಿ. ರಷ್ಯದವನಾದರೂ ಹಿರಿಯರನ್ನು ಅಣ್ಣ ಎಂಬಂತೆ ಬಾಯ್ಕೆ ಎಂದೇ ಕರೆಯುತ್ತಾನೆ. “ಪ್ರಪಂಚದ ನಕ್ಷೆ ಬರುತ್ತೆ, ಎಲ್ಲಿ ಹಗಲು ಎಲ್ಲಿ ಕತ್ತಲೆ ತೋರ್ಸುತ್ತೆ. ಹೊಸ ದೇಶ ಸಿಕ್ರೆ ಒಬ್ಳು ಹೆಂಗಸು ‘ಅಭಿನಂದನೆಗಳು’ ಅಂತಾಳೆ.”

“ಆ ಹೆಂಗಸು ಚಹಾನೂ ಕಾಯಿಸ್ತಾಳಾ?” ಎಂದಳು ಅನಾರ್ಕುಲ್, ಕೆಟಲ್ ಇಳಿಸುತ್ತಾ.

“ಅದೇನು ಸಾಫ್ಟ್‌ವೇರೋ ಮದುವೆ ದಿಬ್ಬಣವೋ?” ಎಂದ ಐದರಾಲಿ. “ನಂದು ನೋಡಿ. ಬೂದಿ ಬಣ್ಣ, ಒಂದು ಚಿತ್ರ ಇಲ್ಲ. ಆದ್ರೆ ಏನು ಬರೀತೀರೋ ಎಷ್ಟು ಬರೀತೀರೋ ಬರೀರಿ, ನುಂಗುತ್ತೆ.”

“ನೋಡಿದ್ರೆ ಪಾಸ್‌ಪೋರ್ಟ್ ಆಫೀಸಿನ ಅರ್ಜಿ ಥರ ಇದೆ.”

“ಪಾಸ್‌ಪೋರ್ಟ್ ಬೇಕು ಅಂದ್ರೆ ಅರ್ಜಿ ತುಂಬ್ಬೇಕು ವಲೆರಿ.”

ಕಸಿಮಾಲಿ ಹನ್ನೊಂದು ದಿನ ಅಳೆದು ಸುರಿದು ನೋಡಿದ. ಹೆಣ್ಣು ನೋಡಲು ಹೋದಾಗ ಇಷ್ಟು ಯೋಚನೆ ಮಾಡಿರಲಿಲ್ಲ. ಅನಾರ್ಕುಲ್‌ಳನ್ನು ತಂತಿ ಕಚೇರಿಯ ಕಿಟಕಿಯಲ್ಲಿ ಒಮ್ಮೆ ನೋಡಿ ಒಪ್ಪಿದ್ದ. ಕೊನೆಗೆ ಇಬ್ಬರದನ್ನೂ ಬಿಟ್ಟು ಮೂರನೆಯದೊಂದನ್ನು ಆರಿಸಿದ. ತೆಳುವಾದದ್ದು, ಚುರುಕಾದದ್ದು, ಬೇಡದ ಕಾಲಂ ಮುಚ್ಚಿಡಬಹುದಾದದ್ದು.

ಅನಾರ್ಕುಲ್ ಕೇಳಿದ್ದು ಒಂದೇ ಪ್ರಶ್ನೆ. “ಅದ್ರಲ್ಲಿ ಷರಾ ಇದ್ಯಾ?”

“ಇಪ್ಪತ್ತು ಅಕ್ಷರಕ್ಕೆ ಜಾಗ ಇದೆ. ಮುಚ್ಚಿಟ್ಟಿದೀನಿ. ಯಾತಕ್ಕೆ ಅದು?”

“ಸುಮ್ನೆ ಕೇಳ್ದೆ.”

ಮಾರ್ಚ್ ಮೊದಲ ವಾರ ಹದಿನೇಳನೇ ಪುಸ್ತಕ ತೆಗೆದರು. ಈ ಸಲ ಕೆಲಸ ಅದಲುಬದಲು. ಅವಳು ಓದುವುದು, ಅವನು ಒಂದೇ ಬೆರಳಲ್ಲಿ ಒತ್ತುವುದು. ಕೊನೆಯ ಕಾಲಮ್ಮಿಗೆ ಬಂದಾಗ ಅವಳು ಒಂದು ಕ್ಷಣ ನಿಂತಳು.

“ಷರಾ ಬೇಡ ಮುದುಕಿ. ಮುಂದಿನ ಸಾಲು.”

ಆಮೇಲೆ ಅವಳು ನಿಲ್ಲಲಿಲ್ಲ. ಐದು ದಿನದಲ್ಲಿ ಪುಸ್ತಕ ಮುಗಿಯಿತು. ಮಾಸ್ಕೋ ಸಮಯದಿಂದ ಮೂರು ಗಂಟೆ ಕಳೆದರೆ ಎಲ್ಲ ದೇಶದ ಹವ್ಯಾಸಿಗಳೂ ಬಳಸುವ ವಿಶ್ವಸಮಯ. ಸಾಫ್ಟ್‌ವೇರ್ ಎಲ್ಲ ಸಾಲಿನಿಂದಲೂ ಒಂದೇ ಏಟಿಗೆ ಮೂರು ಕಳೆಯಿತು. ದ್ವೀಪ 17:10. ಫೈಲ್ ಕಳಿಸಿದ.

‘ಹೊಂದಿಕೆಯಾಗಿಲ್ಲ’ ಎಂದು ಉತ್ತರ ಬಂತು.

ಆ ವರ್ಷಗಳಲ್ಲಿ ಸರಕಾರ ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸುತ್ತಿತ್ತಲ್ಲ, ನಾಲ್ಕು ಗಂಟೆ ಕಳೆಯಬೇಕು ಎಂದು ವಲೆರಿ ಹಟ ಹಿಡಿದ. ಫೆಬ್ರವರಿಯಲ್ಲಿ ಎಲ್ಲಿಯ ಬೇಸಿಗೆ ಸಮಯ ಎಂದು ಐದರಾಲಿ ಬಡಿದುಕೊಂಡ. ರೈಲ್ವೆಯವನಿಗಿಂತ ಗಡಿಯಾರ ಬಲ್ಲವರಾರು ಎಂದು ಕಸಿಮಾಲಿ ನಾಲ್ಕು ಕಳೆದು ಕಳಿಸಿದ. ಹೊಂದಿಕೆಯಾಗಲಿಲ್ಲ. ಉಳಿದದ್ದು ಒಂದು ಅವಕಾಶ.

ವಲೆರಿ ಕೆಮ್ಮಿ, ಚಹಾ ಬಟ್ಟಲನ್ನು ಊಟದ ಹಾಸು ದಸ್ತರಖಾನದ ಮೇಲೆ ಇಟ್ಟ. “ಬಾಯ್ಕೆ, ಬೇಜಾರು ಮಾಡ್ಕೋಬೇಡಿ. ಆ ದಿನಗಳಲ್ಲಿ ದ್ವೀಪದ ಹೆಸರು ಹಾಕ್ಕೊಂಡು ಮನೇಲೇ ಕೂತು ಆಟ ಆಡೋ ಕಳ್ಳರು ಬೇಕಾದಷ್ಟು ಇದ್ರು. ನಿಮಗೆ ಸಿಕ್ಕಿದ್ದು ಅಂಥವನೇ ಏನೋ.”

ಹವ್ಯಾಸಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಕಸಿಮಾಲಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ.

“ನೀನೇ ತಪ್ಪು ಬರ್ದಿರ್ಬೇಕು.”

ಅನಾರ್ಕುಲ್ ಬಟಾಟೆ ಸುಲಿಯುವುದನ್ನು ನಿಲ್ಲಿಸಿದಳು. “ಹತ್ತೊಂಬತ್ತು ವರ್ಷ ಊರಿನೋರ ಹುಟ್ಟು ಸಾವು ಎಲ್ಲ ಈ ಕೈಯಲ್ಲಿ ಹೋಗಿದೆ ಬಂದಿದೆ. ಒಂದು ಅಕ್ಷರ ತಪ್ಪಿಲ್ಲ. ನೀವೇ ನೋಡ್ಕೊಳ್ಳಿ ಮುದುಕರೇ, ಪುಸ್ತಕ ಅಲ್ಲೇ ಇದೆ.” ಶಾಲು ಹೊದ್ದು ಮೀನು ತರಲು ಹೊರಟುಹೋದಳು.

ಮನೆಯಲ್ಲಿ ಮೀನು ಇತ್ತು.

ಕಸಿಮಾಲಿ ಕನ್ನಡಕ ಹಾಕಿಕೊಂಡು ತಪ್ಪು ಹಿಡಿಯಲು ಕೂತ. ನಲವತ್ತೊಂದು ಪುಸ್ತಕ ತುಂಬಿದ್ದರೂ ಒಂದನ್ನೂ ಅವನು ಓದಿರಲಿಲ್ಲ. ಹೇಳಿದವನು ಓದುವುದೇಕೆ? ಈಗ ಅಂಕಿಗಳ ಪಕ್ಕದ ಅಗಲದ ಕಾಲಂ ಕಣ್ಣಿಗೆ ಬಿತ್ತು. ಗಂಡನ ಹೆಸರು ಹೇಳುವ ಪದ್ಧತಿ ಇವರಲ್ಲಿಲ್ಲ. ಅವಳು ಬರೆಯುವಾಗಲೂ ಹೇಳಿರಲಿಲ್ಲ.

‘ಜಪಾನ್. ಹಸು ಕರು ಹಾಕಿತು, ಹೆಣ್ಣು.’ ‘ಬ್ರೆಜಿಲ್. ಅನ್ನ ಸೀದಿತು. ಇವರಿಗೆ ವಾಸನೆ ಬರಲಿಲ್ಲ.’ ‘ಇಟಲಿ. ಮಗಳು ಐದು ಸಲ ಅಪ್ಪಾ ಅಂದಳು. ಆರನೆಯ ಸಲ ಕೇಳಿಸಿತು.’ ‘ಕೆನಡಾ. ಕಂಬ ಬಿತ್ತು. ಕೋಳಿ ಎರಡು.’ ‘ಕ್ಯೂಬಾ. ಇವತ್ತು ಇವರು ನಕ್ಕರು. ಯಾಕೋ ಗೊತ್ತಾಗಲಿಲ್ಲ, ಚೆನ್ನಾಗಿತ್ತು.’

ತಪ್ಪು ಹುಡುಕುವುದು ಮರೆತುಹೋಗಿ ಪುಟ ತಿರುಗಿಸುತ್ತಾ ಹೋದ. ಫೆಬ್ರವರಿಗೆ ಬಂದ. 20:10 ಸಾಲಿನ ಷರಾ ಕಾಲಂ ಸಾಲದೆ ಅಕ್ಷರ ಅಂಚಿಗೆ ಹತ್ತಿತ್ತು.

‘ಕಚೇರಿಯಿಂದ ತಂತಿ ತಂದುಕೊಟ್ಟರು. ಅಪ್ಪ ಹೋದರು. ಅಡುಗೆಮನೆ ಬಾಗಿಲಲ್ಲಿ ನಿಂತು ಓದುತ್ತಿದ್ದೆ, ಇವರು ಸಿಕ್ಕಿತು ಬರಿ ಬರಿ ಅಂದರು. ಕಣ್ಣೆದುರಿನ ಗಡಿಯಾರ ನೋಡಿ ಬರೆದೆ. ಇವರು ಇಷ್ಟು ಸಂತೋಷವಾಗಿದ್ದು ನೋಡಿರಲಿಲ್ಲ. ಜನ ಹೋಗಲಿ ಅಂತ ತಂತಿ ಜೇಬಿನಲ್ಲಿಟ್ಟುಕೊಂಡೆ. ಅಪ್ಪನ ಹೆಸರಿಗೆ ಎಣ್ಣೆ ಇಟ್ಟೆ. ಇವರು ದ್ವೀಪಕ್ಕೆ ಅಂದುಕೊಂಡರು.’

ಕಣ್ಣೆದುರಿನ ಗಡಿಯಾರ ಎಂದರೆ ಅಡುಗೆಮನೆಯದು. ಊರಿನ ಸಮಯ ಎಂಟೂ ಹತ್ತು ಎಂದರೆ ಮಾಸ್ಕೋದಲ್ಲಿ 17:10, ವಿಶ್ವಸಮಯ 14:10. ಹಿಂದಿನ ಸಾಲು 16:58. ಕಸಿಮಾಲಿ ಕರೆದದ್ದು ಮೂರು ಗಂಟೆಯಲ್ಲ, ಹನ್ನೆರಡು ನಿಮಿಷ.

ಆದರೆ ಆಗ ಅವನ ತಲೆಯಲ್ಲಿ ಗಂಟೆ ನಿಮಿಷ ಯಾವುದೂ ಇರಲಿಲ್ಲ. ಸತ್ತವರಿಗೆ ಎಣ್ಣೆಯ ಘಮ ಮುಟ್ಟಬೇಕು. ಅದಕ್ಕೇ ಸಾವಿನ ಮನೆಯಲ್ಲಿ ಬೋರ್ಸೋಕ್ ಕರಿಯುತ್ತಾರೆ. ಅವಳು ಅಳಬೇಕಾದ ಹೊತ್ತಿನಲ್ಲಿ ಅಳದೆ, ಬಾಣಲೆಯ ಮುಂದೆ ಒಬ್ಬಳೇ ನಿಂತು ಅಪ್ಪನನ್ನು ಕಳಿಸಿಕೊಟ್ಟಿದ್ದಳು. ತಾನು ಅದನ್ನು ಬೊಗಸೆ ಬೊಗಸೆ ತಿಂದು, ಮೂವತ್ನಾಲ್ಕು ವರ್ಷ ಮದುವೆಮನೆಗಳಲ್ಲಿ ಹಗುರವಾಗಿತ್ತು ಎಂದು ಹೊಗಳಿದ್ದ. ಅವನಿಗೆ ನಾಚಿಕೆಯಾಯಿತು. ಪುಸ್ತಕ ಮಡಿಲಲ್ಲಿಟ್ಟುಕೊಂಡು ಅತ್ತ.

ಅನಾರ್ಕುಲ್ ಮೀನು ಹಿಡಿದು ಬಂದಾಗಲೂ ಹಾಗೇ ಕೂತಿದ್ದ.

“ನಿನಗೆ ಗೊತ್ತಿತ್ತಾ?” ಎಂದ.

ಅವಳು ತೆರೆದ ಪುಟ ನೋಡಿದಳು. “ಆ ದಿನದ ಗಂಟೆ ನಂಗೆ ನೆನಪಿರ್ಲಿಲ್ಲ. ಮಿಕ್ಕಿದ್ದೆಲ್ಲ ನೆನಪಿದೆ.”

“ಓದೋವಾಗ ಹೇಳ್ಬಾರ್ದಾಗಿತ್ತಾ?”

“ಷರಾ ಬೇಡ ಅಂದ್ರಲ್ಲ,” ಎಂದು ಅವಳು ಮೀನು ಒಳಗಿಡಲು ಹೋದಳು.

ಮೂರನೆಯ ಸಲ 14:10 ಎಂದು ಕಳಿಸಿದ. ಹೊಂದಿಕೆಯಾಯಿತು. ಪಟ್ಟಿ ಪೂರ್ತಿ ಆಯಿತು. ಅವನು ಆ ಸಾಲನ್ನು ಒಮ್ಮೆ ನೋಡಿ, ಚುರುಕಾದ ಸಾಫ್ಟ್‌ವೇರನ್ನು ಅಳಿಸಿಹಾಕಿ, ಐದರಾಲಿಗೆ ಫೋನ್ ಮಾಡಿದ.

“ಆ ನಿನ್ನ ಬೂದಿ ಬಣ್ಣದ್ದು. ಅದ್ರಲ್ಲಿ ಷರಾ ಎಷ್ಟು ಬೇಕಾದ್ರೂ ಬರೀಬಹುದು ಅಂದ್ಯಲ್ಲ?”

“ಎಷ್ಟು ಬೇಕಾದ್ರೂ ಬಾಯ್ಕೆ.”

“ನಾಳೆ ಬಂದು ಹಾಕ್ಕೊಡು.”

ಈಗ ಮೊದಲನೇ ಪುಸ್ತಕದಿಂದ ಶುರು ಮಾಡಿದ್ದಾರೆ. ಅವಳು ಓದುತ್ತಾಳೆ, ಕೊನೆಯ ಕಾಲಂ ಸಹಿತ. ಅವನು ಒಂದೇ ಬೆರಳಲ್ಲಿ ಒತ್ತುತ್ತಾನೆ. ಈ ವೇಗದಲ್ಲಿ ಎರಡು ವರ್ಷ ಹಿಡಿಯುತ್ತದೆಯಂತೆ. ಬೇರೆ ಕೆಲಸವೇನೂ ಇಲ್ಲ.

ಆ ಗುರುವಾರ ಗೆಳೆಯರು ಬಂದಾಗ ಕಸಿಮಾಲಿ ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಬಾಣಲೆ ಮುಂದೆ ನಿಂತಿದ್ದ. ಅನಾರ್ಕುಲ್ ಸ್ಟೂಲಿನ ಮೇಲೆ ಕೂತು, ಎಣ್ಣೆ ಕಾದಿಲ್ಲ, ಈಗ ಕಾದಿದೆ, ತಿರುಗಿಸಿ ಎಂದು ಹೇಳಿಕೊಡುತ್ತಿದ್ದಳು. ಬೋರ್ಸೋಕ್ ಅರ್ಧ ಕರಿಕಲಾಗಿತ್ತು, ಅರ್ಧ ಹಸಿ.

ವಲೆರಿ ಒಂದನ್ನು ಬಾಯಿಗೆ ಹಾಕಿಕೊಂಡು ಕಷ್ಟಪಟ್ಟು ಅಗಿದ. “ಅಂತೂ ದ್ವೀಪ ಸಿಕ್ಕಿತು. ಮೂರು ಗಂಟೆ ಕರೆದಿದ್ದಕ್ಕೆ ಸಾರ್ಥಕ ಆಯ್ತು ಬಾಯ್ಕೆ!”

“ಹನ್ನೆರಡು ನಿಮಿಷ,” ಎಂದ ಕಸಿಮಾಲಿ. “ಇದು ದ್ವೀಪಕ್ಕಲ್ಲ. ನಮ್ಮ ಮಾವನಿಗೆ.”

ಅನಾರ್ಕುಲ್ ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು. ಆಮೇಲೆ ತಟ್ಟೆಯಿಂದ ತೀರಾ ಕರಿಕಲಾದ ಒಂದನ್ನು ಆರಿಸಿ, ತಂದೆಯ ಹೆಸರು ಹೇಳಿ, ಪೂರ್ತಿ ತಿಂದಳು.