ನಾಲ್ಕು ಗಂಟೆಯ ರೀಡಿಂಗ್

ನಮ್ಮ ಭಾವನಿಗೆ ಕಿವಿ ಮಂದ. ಇಪ್ಪತ್ತಾರು ವರ್ಷ ಬಾಯ್ಲರ್ ಪಕ್ಕ ನಿಂತವರ ಕಿವಿ ಇನ್ನೇನಾದೀತು? ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವರು ಬಾಯ್ಲರ್ ಆಪರೇಟರ್. ಆಗಿದ್ದರು ಎನ್ನಬೇಕು, ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಆದರೂ ಮನೆಯಲ್ಲಿ ಗಂಟೆಗೊಮ್ಮೆ ಎದ್ದು, ಗ್ಯಾಸ್ ಒಲೆಯ ತಿರುಪು ನೋಡಿ, ನೀರಿನ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ ಬಂದು ಕೂರುತ್ತಿದ್ದರು. "ಒಂದು ಕಡೆ ಕೂತ್ಕೋಬಾರದಾ? ಕಾಲಿಗೆ ಚಕ್ರ ಕಟ್ಕೊಂಡಿದ್ದೀರಾ?" ಎಂದು ನಮ್ಮಕ್ಕ ರೇಗುತ್ತಿದ್ದಳು.

ಆ ಶುಕ್ರವಾರ ನನಗೆ ರಜೆ. ಕೆಲಸ ಕೊಡಿಸುವ ಏಜೆನ್ಸಿಯ ಮೇಡಂ ಹನ್ನೊಂದಕ್ಕೆ ಭಾವನಿಗೆ ಫೋನ್ ಮಾಡುವವರಿದ್ದರು. ಯಾವುದೋ ಡೈರಿಗೆ ಬಾಯ್ಲರ್ ಆಪರೇಟರ್ ಬೇಕಿತ್ತು. ಐವತ್ತೆರಡರ ವಯಸ್ಸಿನಲ್ಲಿ, ನಾಲ್ಕು ತಿಂಗಳಲ್ಲಿ, ಭಾವನನ್ನು ವಿಚಾರಿಸಿದ ಒಂದೇ ಒಂದು ಕಡೆ ಅದು. ಇದೂ ತಪ್ಪಿದರೆ ಇನ್ನೊಂದು ಬಂದೀತೆಂದು ನಂಬುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ನಾನು ಹತ್ತಕ್ಕೇ ಹೋಗಿ, ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿ, ಅಭ್ಯಾಸಕ್ಕೆಂದು ಮೇಡಂ ಆಗಿ ಕೂತೆ.

"ನಿಮ್ಮ ಬಗ್ಗೆ ಹೇಳಿ," ಎಂದೆ, ದನಿ ಸಣ್ಣ ಮಾಡಿಕೊಂಡು.

"ಏನು ಹೇಳೋದು? ನಿನಗೆ ಗೊತ್ತಿಲ್ವಾ?"

"ಅಯ್ಯೋ ಭಾವ, ನಾನೀಗ ಮೇಡಂ!"

"ಮೇಡಂ ಮೀಸೆ ಚೆನ್ನಾಗಿದೆ," ಎಂದು ಭಾವ ಬಾಯ್ತುಂಬ ನಕ್ಕರು.

ನಾನು ನೋಟ್‌ಬುಕ್ಕಿನ ಹಾಳೆ ತಿರುವಿದೆ. ಅವರ ಕೆಲಸ ಕಳೆದವನು ನಾನು. ಸುತ್ತಿ ಬಳಸುವುದೇಕೆ, ಹೇಳಿಬಿಡುತ್ತೇನೆ.

ನನ್ನನ್ನು ಆ ಲಾಂಡ್ರಿಗೆ ಸೇರಿಸಿದವರೇ ಭಾವ. ಅಲ್ಲಿ ಗಂಟೆಗೊಮ್ಮೆ ಬಾಯ್ಲರ್‌ನ ಪ್ರೆಷರ್, ನೀರಿನ ಮಟ್ಟ ನೋಡಿ ಲಾಗ್ ಹಾಳೆಯಲ್ಲಿ ಬರೆಯಬೇಕು. ಭಾವ ಪ್ರತಿ ಗಂಟೆಗೂ ಎದ್ದು, ಗೇಜಿನ ಗಾಜು ಒರೆಸಿ, ಬೆರಳಿನಿಂದ ಎರಡು ಸಲ ತಟ್ಟಿ, ಆಮೇಲೆ ಬರೆಯುವವರು. ನಾವು ಮಿಕ್ಕವರು ಮಹಾ ಬುದ್ಧಿವಂತರು. ಬೆಳಿಗ್ಗೆ ಎಂಟಕ್ಕೆ ಬಂದವರೇ ಸಂಜೆ ನಾಲ್ಕರವರೆಗಿನ ಲೆಕ್ಕವನ್ನೆಲ್ಲ ಒಟ್ಟಿಗೆ ತುಂಬಿಸಿಬಿಡುತ್ತಿದ್ದೆವು. ಅನುಮಾನ ಬರಬಾರದೆಂದು ಒಂದು ಸಾಲು ನೀಲಿ ಪೆನ್ನು, ಒಂದು ಸಾಲು ಕಪ್ಪು ಪೆನ್ನು. "ಇನ್ನೂ ಹುಟ್ಟದ ಗಂಟೆಗೆ ಹೆಸರಿಡ್ತೀಯಲ್ಲೋ!" ಎಂದು ಭಾವ ನನಗೆ ಬೈದಿದ್ದು ಒಂದು ಸಲವಲ್ಲ. ನಾನು ಹಲ್ಲು ಕಿಸಿಯುತ್ತಿದ್ದೆ.

ಆ ದಿನ ನಮ್ಮಿಬ್ಬರದೂ ಒಂದೇ ಪಾಳಿ, ಹಾಳೆ ಬರೆಯುವ ಕೆಲಸ ನನ್ನದು. ಹನ್ನೆರಡಕ್ಕೆ ನೀರಿನ ಪಂಪು ಕೆಟ್ಟು ಬಾಯ್ಲರ್ ನಿಲ್ಲಿಸಿದೆವು. ನಾವಿಬ್ಬರೂ ಪಂಪಿನ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸುತ್ತಿದ್ದಾಗ, ಹೇಳದೆ ಕೇಳದೆ ಬಾಯ್ಲರ್ ಇನ್‌ಸ್ಪೆಕ್ಟರ್ ಬಂದರು, ಹಿಂದೆ ಮ್ಯಾನೇಜರ್. ಇನ್‌ಸ್ಪೆಕ್ಟರ್ ಗೇಜು ನೋಡಿದರು: ಮುಳ್ಳು ಇಳಿದು ಕೂತಿತ್ತು. ಹಾಳೆ ನೋಡಿದರು.

"ನಾಲ್ಕು ಗಂಟೆಗೆ ಪ್ರೆಷರ್ ಹತ್ತು ಅಂತಿದೆ. ಈಗ ಗಂಟೆ ಎಷ್ಟ್ರೀ?"

ಆಗ ಗಂಟೆ ಒಂದೂವರೆ.

"ಯಾರು ಬರೆದಿದ್ದು ಇದನ್ನ?"

ನನ್ನ ಕೆಲಸ ಕಾಯಂ ಆಗಿ ಹನ್ನೆರಡು ದಿನ. ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು. ಇವೆಲ್ಲ ಆಮೇಲೆ ಹುಡುಕಿಕೊಂಡ ನೆಪ. ಆಗ ನಾನು ಮಾಡಿದ್ದು ನನ್ನ ಬೂಟು ನೋಡಿದ್ದು, ಅಷ್ಟೇ. "ನಾನೇ ಸಾರ್," ಎಂಬ ಭಾವನ ದನಿ ಪಕ್ಕದಿಂದ ಬಂತು. ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಸಂಜೆ ಗೇಟಿನ ಹತ್ತಿರ ಭಾವ, "ನಿಮ್ಮಕ್ಕನ ಹತ್ರ ಬಾಯಿ ಬಿಡಬೇಡ. ವಾರದಲ್ಲಿ ಬೇರೆ ಕಡೆ ಸಿಗುತ್ತೆ ಬಿಡು," ಎಂದರು. ವಾರ ಹೋಗಿ ನಾಲ್ಕು ತಿಂಗಳಾಯಿತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ನಾನು ಪಾಳಿಗೆ ಹೋಗುತ್ತಲೇ ಇದ್ದೆ. ಛೀ, ನನ್ನ ಜನ್ಮಕ್ಕಿಷ್ಟು!

"ಹಿಂದಿನ ಕೆಲಸ ಯಾಕೆ ಬಿಟ್ರಿ?" ಎಂದು ಮತ್ತೆ ಮೇಡಂ ದನಿಯಲ್ಲಿ ಓದಿದೆ. ನಾನೇ ಬರೆದುಕೊಂಡ ಪ್ರಶ್ನೆ, ಉತ್ತರವನ್ನೂ ನಾನೇ ಹೇಳಿಕೊಟ್ಟೆ. "ಜನ ಕಡಿಮೆ ಮಾಡಿದ್ರು ಅಂದುಬಿಡಿ ಭಾವ."

"ಆಗಲ್ಲ ಕಣೋ. ನಾನು ಬರೆದೆ ಅಂತ ಹೇಳಿದ್ದಾಗಿದೆ. ಅವರು ಲಾಂಡ್ರಿಗೆ ಫೋನ್ ಮಾಡಿ ಕೇಳಿದ್ರೆ? ಒಂದೇ ಮಾತು ಇರಲಿ."

ಪಾತ್ರೆ ತೊಳೆಯುತ್ತಿದ್ದ ಅಕ್ಕ ಅಲ್ಲಿಂದಲೇ ತಿರುಗಿದಳು. "ಗಂಟೆಗೊಂದು ಸಲ ಎದ್ದು ನೋಡಿ ಬರೆಯೋಕೆ ನಿಮಗೆ ಏನು ಬಂದಿತ್ತು? ಪಕ್ಕದಲ್ಲೇ ನನ್ನ ತಮ್ಮ ಇದ್ನಲ್ಲ, ಅವನನ್ನ ನೋಡಿ ಕಲೀಬಾರದಿತ್ತಾ?"

ಭಾವ ಕಿವಿ ಕೇಳಿಸದವರಂತೆ ಎದ್ದು ಹೋಗಿ ಗ್ಯಾಸಿನ ತಿರುಪು ನೋಡಿ ಬಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹನ್ನೊಂದಕ್ಕೆ ಸರಿಯಾಗಿ ಫೋನ್ ಬಂತು. ಭಾವನಿಗೆ ಕೇಳಿಸಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಲೈಸೆನ್ಸು, ಅನುಭವ, ಪಾಳಿ, ಎಲ್ಲಕ್ಕೂ ಭಾವ ಚೆನ್ನಾಗಿಯೇ ಉತ್ತರ ಕೊಟ್ಟರು, ಸ್ವಲ್ಪ ಜೋರಾಗಿ. ಮೇಡಂಗೂ ಹಿಡಿಸಿದಂತಿತ್ತು. ಆಮೇಲೆ ಆ ಪ್ರಶ್ನೆ ಬಂತು. ನಿಂತುಹೋಗಿದ್ದ ಬಾಯ್ಲರಿಗೆ ರೀಡಿಂಗ್ ಬರೆದದ್ದನ್ನು, ತಾವೇ ಬರೆದದ್ದೆಂದು, ಭಾವ ಪೂರ್ತಿ ಒಪ್ಪಿಕೊಂಡರು.

ಮೇಡಂ ಅಂದರು: "ನಿಜ ಹೇಳಿದ್ರಿ, ಸಂತೋಷ. ಆದ್ರೆ ನೋಡದೆ ಬರೆಯೋರನ್ನ ಬಾಯ್ಲರ್ ಹತ್ರ ನಾನು ಹೇಗೆ ಕಳಿಸಲಿ, ನೀವೇ ಹೇಳಿ? ಬೇಜಾರು ಮಾಡ್ಕೋಬೇಡಿ."

"ಇಲ್ಲ ಬಿಡಿ ಮೇಡಂ," ಎಂದರು ಭಾವ. ಅವರ ಬೆರಳು ಮೇಜನ್ನು ಎರಡು ಸಲ ತಟ್ಟಿತು, ಗೇಜು ತಟ್ಟುವ ಹಾಗೆ.

"ಮೇಡಂ, ಅದು ನಾನು!" ಎಂದೆ. ದನಿ ನನ್ನದೆಂದೇ ಅನ್ನಿಸಲಿಲ್ಲ. "ನಾನು ಅವರ ಭಾಮೈದ. ಹಾಳೆ ಬರೆದವನು ನಾನು. ಇವರು ನನ್ನ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಂಡ್ರು. ಇಪ್ಪತ್ತಾರು ವರ್ಷದಲ್ಲಿ ಇವರು ನೋಡದೆ ಒಂದಕ್ಷರ ಬರೆದಿಲ್ಲ."

"ನೀವೀಗ ಎಲ್ಲಿ ಕೆಲಸ ಮಾಡ್ತಿದ್ದೀರ?"

"ಅಲ್ಲೇ."

"ಇನ್ನೂ ಅಲ್ಲೇನಾ?"

"ಹೌದು," ಎಂದು ನೋಟ್‌ಬುಕ್ ಮುಚ್ಚಿದೆ. ಮೇಡಂ ಕೊನೆಗೆ ಹೇಳಿದರು: "ಬಾಯಿಮಾತು ನನಗೆ ಸಾಲದು. ಇದನ್ನೇ ಬರೆದು, ನಿಮ್ಮ ಮ್ಯಾನೇಜರ್ ಸಹಿ ಹಾಕಿಸಿ ಸೋಮವಾರದೊಳಗೆ ಕಳಿಸಿ. ಅಲ್ಲಿವರೆಗೆ ಇವರ ಹೆಸರು ತೆಗೆಯಲ್ಲ." ಫೋನ್ ಇಟ್ಟರು.

"ಬೇಡ ಕಣೋ. ನಿನ್ನ ಕೆಲಸ ಹೋಗುತ್ತೆ. ಮನೇಲಿ ಹಸುಗೂಸಿದೆ," ಎಂದರು ಭಾವ.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಗಂಡನ ಮುಖವನ್ನೇ ನೋಡುತ್ತಾ ನಿಂತಳು. "ನಾಲ್ಕು ತಿಂಗಳು ಬೈಸ್ಕೊಂಡ್ರಲ್ಲ ನನ್ನ ಕೈಲಿ," ಎಂದಳು. ಆಮೇಲೆ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ನನ್ನ ಮುಂದಿಟ್ಟಳು.

ಪೆನ್ನು ತೆಗೆದೆ. ಮೊದಲು ಮೇಲುಗಡೆ ತಾರೀಖು ಹಾಕಿದೆ. ಭಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ನಾನು ಹಾಕಿದ್ದು ಸೋಮವಾರದ ತಾರೀಖು.

"ಇವತ್ತಿಂದು ಹಾಕೋ," ಎಂದರು ಭಾವ, ಮೆಲ್ಲಗೆ.

ಹೊಡೆದು ಹಾಕಿ, ಗೋಡೆಯ ಕ್ಯಾಲೆಂಡರ್ ನೋಡಿ, ಇವತ್ತಿನದನ್ನು ಬರೆದೆ.