ಹೊಸ್ತಿಲಿಲ್ಲದ ಹೆರಿಗಿ ಖೋಲಿ

ಗಂಡನ ಹೆಸರು ಬಾಯಿಬಿಟ್ಟು ಹೇಳೂ ಪದ್ಧತಿ ನಮ್ಮ ಕಾಲದಾಗ ಇರಲಿಲ್ಲ. ಆದ್ರ ಹೆಸರಿಲ್ದ ಕತಿ ಹ್ಯಾಂಗ ಹೇಳಲಿ? ಸೈದಪ್ಪ. ಖಜೂರಿ ಸೈದಪ್ಪ ಗೌಂಡಿ. ಹೋಗ್ಲಿ, ಹೇಳೇಬಿಟ್ಟೆ. ಮ್ಯಾಲ ಕುಂತು ಕೇಳಿ ನಗ್ತಿರಬೇಕು ಅವರು. ಗ್ವಾಡಿ ಕಟ್ಟೂದು, ಗಚ್ಚು ಹಾಕೂದು ಅವರ ಕಸುಬು. ಮಾತು ಕಮ್ಮಿ, ಹಟ ಭಾಳ. ಜಗಳಾಡೂದು ನಿಂಬೆವ್ವನ ಕೆಲಸ ಅಂತ ನನ್ನ ಪಾಲಿಗೆ ಬಿಟ್ಟಿದ್ರು, ನಾನೂ ಅದರಾಗ ಏನೂ ಕೊರತಿ ಮಾಡ್ಲಿಲ್ಲ.

ನಮಗ ಒಬ್ಬಾಕಿನೇ ಮಗಳು, ರೇವಮ್ಮ. ಜೇವರ್ಗಿ ತಾಲೂಕಿನ ಅಂದೋಲಾಕ್ಕ ಕೊಟ್ಟಿದ್ವಿ. ಚೊಚ್ಚಲ ಬಸರಿ ಆದಾಗ ಪದ್ಧತಿ ಪ್ರಕಾರ ತವರಮನಿಗೆ, ನಮ್ಮೂರು ಖಜೂರಿಗೆ ಕರಕೊಂಡು ಬಂದ್ವಿ. ಕೂಸು ಹೊಟ್ಟ್ಯಾಗ ಅಡ್ಡ ತಿರುಗಿತ್ತು. ಸೂಲಗಿತ್ತಿ ಕೈ ಚೆಲ್ಲಿದ್ಲು. ಕೂಸು ಹೋತು, ನನ್ನ ಮಗಳು ಹ್ಯಾಂಗೋ ಉಳದ್ಲು. ಅವರು ಅಷ್ಟೊತ್ತೂ ಹೊರಗ ಕಟ್ಟಿ ಮ್ಯಾಲ ಕುಂತಾವರು ಒಂದು ಗುಟುಕು ನೀರು ಕುಡೀಲಿಲ್ಲ. "ಊರ ಮಂದಿಗೆಲ್ಲ ಮನಿ ಕಟ್ಟೇನಿ, ನನ್ನ ಮಗಳಿಗೆ ಏನೂ ಮಾಡಾಕ ಆಗಲಿಲ್ಲ" ಅಂದ್ರು. ಅಷ್ಟೇ.

ಸೊಲ್ಲಾಪುರ ಕಡಿ ಸ್ವಾತಂತ್ರ್ಯ ಬಂತು ಅಂತ ಝೇಂಡಾ ಏರಿಸಿದ್ರಲ್ಲ, ಆ ವರ್ಷ ಅವರಿಗೆ ಜೇವರ್ಗಿಯೊಳಗ ಕೆಲಸ ಸಿಕ್ತು. ನಮ್ಮ ಕಡಿ ಇನ್ನೂ ನಿಜಾಮನ ಸರ್ಕಾರನೇ. ದವಾಖಾನಿ ಹಿಂದ ಒಂದು ಹೆರಿಗಿ ಖೋಲಿ ಕಟ್ಟಬೇಕು ಅಂತ ಹುಕುಂ ಆಗಿತ್ತು. ಓವರಸೀರ ಗೌಸಮೊಹಿದ್ದೀನ ಸಾಹೇಬ್ರು ನಕಾಶಿ ಹಿಡಕೊಂಡು ಬಂದ್ರು. ದೊಡ್ಡ ಕಿಡಕಿ, ಅಗಲ ಬಾಗಲಾ, ಬಾಗಲಕ್ಕ ಹೊಸ್ತಿಲಿಲ್ಲ. ಬಸರಿನ್ನ ಗಾಲಿ ಮಂಚದ ಮ್ಯಾಲ ಒಳಗ ತರಬೇಕಂತ, ಹೊಸ್ತಿಲಿದ್ರ ಗಾಲಿ ತಡೀತಾವಂತ. ಹೈದರಾಬಾದಿಂದ ಅಮೀರುನ್ನಿಸಾ ಅಂತ ಡಾಕ್ಟರಬಾಯಿನೂ ಬಂದಿದ್ಲು. ನಾವು ಅಲ್ಲೇ ಬಾಜೂಕ ಒಂದು ಗುಡಸಲಾ ಹಾಕ್ಕೊಂಡು ಉಳದ್ವಿ.

ಗ್ವಾಡಿ ಎದ್ದು ನಿಂತಿದ್ವು, ಅಷ್ಟ್ರಾಗ ನಿಜಾಮನ ಕಡಿ ರಜಾಕಾರರ ಲೂಟಿ, ಗದ್ದಲ ಜೋರಾತು. ಸರ್ಕಾರದ ರೊಕ್ಕ ನಿಂತ್ಹೋತು. ಮ್ಯಾಲ ಹೊಚ್ಚೂ ತಗಡಿನ ಪತ್ರಾ ಸೊಲ್ಲಾಪುರದ ಗಡಿ ಆಚೆ ಎಲ್ಲೋ ಸಿಕ್ಕಿಬಿದ್ವು. ಗಡಿಗೆ ಹತ್ತಿದ ಖಜೂರಿಯೊಳಗ ನಮ್ಮ ಓಣಿ ಮಂದಿ ಮನಿಗೆ ಕೀಲಿ ಹಾಕಿ ಗಡಿ ದಾಟಿ ಹೋದ್ರು ಅಂತ ಸುದ್ದಿ ಬಂತು. ಇದರ ನಡುವ ರೇವಮ್ಮ ಮತ್ತ ಬಸರಿ. ಡಾಕ್ಟರಬಾಯಿಗೆ ಹಿಂದಿಂದೆಲ್ಲ ಹೇಳಿದೆ. "ಈ ಸಲ ನನ್ನ ಹತ್ರನೇ ತರ್ರಿ ಅಮ್ಮಾ. ಮನ್ಯಾಗ ಬ್ಯಾಡ. ಕೂಸು ಮತ್ತ ಅಡ್ಡ ಆದ್ರ ತಾಯಿನೂ ಉಳಿಯಂಗಿಲ್ಲ" ಅಂದ್ಲು.

ಇಬ್ಬರೂ ಅಂದೋಲಾಕ್ಕ ಹೋದ್ವಿ. ನನ್ನ ಬೀಗತಿ ಹಣಮವ್ವ ನಡಕ್ಕ ಸೆರಗು ಸಿಗಿಸಿ ನಿಂತ್ಲು.

"ದವಾಖಾನಿಗೆ ಹೋದಾವರು ಹೆಣಾ ಆಗಿ ಬರ್ತಾರ್ರಿ ಬೀಗ್ರೇ. ಒಂದು ಕೂಸೂ ಇನ್ನೂ ತೊಟ್ಟಿಲಾ ಕಂಡಿಲ್ಲ, ನಮಗ ಇದೇ ಚೊಚ್ಚಲ. ತವರಮನಿಗೆ ಕಳಸ್ತೇನಿ. ಇಲ್ಲಾಂದ್ರ ನನ್ನ ಮನ್ಯಾಗೇ ಆಗ್ಲಿ. ಸರ್ಕಾರಿ ಖೋಲ್ಯಾಗ ಹಡೀಲಿಕ್ಕೆ ನನ್ನ ಸೊಸಿ ದಿಕ್ಕಿಲ್ದಾಕಿ ಏನು?"

"ಖಜೂರಿಗೆ ಹೋಗೂ ದಾರಿ ಬಂದ್ ಆಗೇದಲ್ಲಬೇ! ನಿನಗ ಬುದ್ಧಿ ಅದನೋ ಇಲ್ಲೋ?" ಅಂತ ನಾನು ಬಾಯಿ ಮಾಡಿದೆ. ನಮ್ಮ ಗೌಂಡಿ ನನ್ನ ಕೈ ಹಿಡಿದು ಹಿಂದ ಜಗ್ಗಿದ್ರು. ಮೆಲ್ಲಗ ಕೇಳಿದ್ರು: "ತವರಮನಿ ಅಂದ್ರ ಏನ್ರಿ ಬೀಗತಿ? ಅಪ್ಪನ ಒಲಿ ಎಲ್ಲಿ ಉರೀತದೋ ಅದು, ಹೌದಿಲ್ಲೋ?"

"ಹೌದು ಮತ್ತ" ಅಂದ್ಲು ಹಣಮವ್ವ.

"ಹಂಗಾದ್ರ ಶ್ರಾವಣದಾಗ ಗಾಡಿ ಹೂಡಿಸ್ರಿ. ತವರಮನಿ ತಯಾರು ಮಾಡ್ತೇನಿ."

ದಾರಿ ತುಂಬ ನಾನು ಬೈಕೋತ ಬಂದೆ. ಅವರು ಮರುದಿನ ಜೇವರ್ಗಿ ಓಣಿಓಣಿ ತಿರುಗಿದ್ರು. "ನಿಮ್ಮ ಮನ್ಯಾಗ ಹೆಣ್ಣುಮಗಳು ಇದ್ರ ಒಂದು ತೊಲಿ ಕೊಡ್ರಿ. ಆಕಿ ಹಡಿಯೂ ಖೋಲಿಗೆ ಮಾಳಿಗಿ ಹಾಕಬೇಕು" ಅಂತ ಕೇಳಿದ್ರು. ಹೆಣ್ಣುಮಗಳಿಲ್ಲದ ಮನಿ ಯಾವುದದ? ಕೆಲವರು ಬಾಗಲಾ ಹಾಕ್ಕೊಂಡ್ರು, ಭಾಳ ಮಂದಿ ಕೊಟ್ರು. ಒಬ್ಬರು ಹಳೀ ದನದ ಕೊಟ್ಟಗಿಂದ ತೊಲಿ ಕಿತ್ತಿ ಕೊಟ್ರು, ಒಬ್ಬರು ಪರಸಿ ಕಲ್ಲು ಗಾಡಿಮ್ಯಾಲ ಹೇರಿ ಕಳಿಸಿದ್ರು. ಮ್ಯಾಲ ಹಾಸಾಕ ಮಣ್ಣು ಹೊರಾಕ ಹೆಣ್ಣುಮಕ್ಕಳೇ ಬುಟ್ಟಿ ತಗೊಂಡು ಬಂದ್ರು. ಪತ್ರಾ ಹೋದ್ರ ಹೋಗ್ಲಿ, ನಮ್ಮ ಮಾಳಿಗಿ ನಮಗ ಬಂತು.

ಓವರಸೀರ ಸಾಹೇಬ್ರು ಮಾಳಿಗಿಗೆ ಒಪ್ಪಿದ್ರು. ಹಿಂದಿನ ಪಡಸಾಲ್ಯಾಗ ಒಲಿ ಕಟ್ಟೂದು ನೋಡಿ ಹೌಹಾರಿದ್ರು.

"ಏನಿದು ಸೈದಪ್ಪಾ? ಸರ್ಕಾರಿ ಇಮಾರತಿನ್ಯಾಗ ಒಲಿನಾ? ನಕಾಶ್ಯಾಗ ಎಲ್ಲದ?"

ಅವರು ಕೈ ಮುಗಿದು ಹೇಳಿದ್ರು, "ಸಾಹೇಬ್ರ, ಒಲಿ ಇಲ್ದಿದ್ರ ನನ್ನ ಮಗಳು ಬರಂಗಿಲ್ರಿ. ಬರ್ದಿದ್ರ ಉಳಿಯಂಗಿಲ್ಲ."

ಸಾಹೇಬ್ರು ತಲಿ ಕೆರ್ಕೊಂಡ್ರು. ಡಾಕ್ಟರಬಾಯಿನೇ ನಡುವ ಬಂದ್ಲು. "ನಾನು ಬಂದಾಗಿಂದ ಹೆರಿಗಿಗಂತ ಒಬ್ಬಾಕಿನೂ ಬಂದಿಲ್ಲ ಸಾಬ್. ನೀರು ಕಾಯಿಸಾಕ ನನಗೂ ಬೆಂಕಿ ಬೇಕು. ಇರ್ಲಿ ಬಿಡ್ರಿ." ಸಾಹೇಬ್ರು ಪೆನ್ಸಿಲ್ ತಗೊಂಡು ನಕಾಶಿಮ್ಯಾಲ ಒಲಿ ಬರದ್ರು. ನಾನು ಆವತ್ತೇ ಗುಡಸಲಾ ಬಿಚ್ಚಿ ಪಾತ್ರಿ, ಬೀಸೂಕಲ್ಲು ಎಲ್ಲ ಒಳಗ ತಂದೆ. ಒಲಿಮ್ಯಾಲ ಹಾಲುಕ್ಕಿಸಿದೆ. ದವಾಖಾನ್ಯಾಗ ಸಂಸಾರ ಹೂಡಿದಾಕಿ ನಾ ಒಬ್ಬಾಕಿನೇ ಇರಬೇಕು.

ಶ್ರಾವಣದಾಗ ಒಂದಿನ ಮುಂಜಾನೆ ಗಾಡಿ ಬಂತು. ರೇವಮ್ಮಗ ಹಾದ್ಯಾಗೇ ಬ್ಯಾನಿ ಸುರುವಾಗಿತ್ತು, ಆಕಿ ಮುಖ ಬೆಳ್ಳಗಾಗಿತ್ತು. ಹಣಮವ್ವ ಮೊದಲು ಇಳದು ಒಳಗ ಹಣಿಕಿ ನೋಡಿದ್ಲು. ಸುಣ್ಣದ ಗ್ವಾಡಿ ನೋಡಿದ್ಲು, ಒಲಿ ನೋಡಿದ್ಲು, ಉರಿಯಾಕತ್ತಿದ್ದು ನೋಡಿ ತಲಿ ಆಡಿಸಿದ್ಲು. ಇನ್ನೇನು ಮುಗೀತು ಅಂತ ನಾನು ಉಸಿರು ಬಿಟ್ಟೆ. ಆಕಿ ಬಾಗಲಕ್ಕ ಬಂದು ಕೆಳಗ ನೋಡಿದ್ಲು.

"ಹೊಸ್ತಿಲೆಲ್ಲದ?"

ಬಗ್ಗಿ ಕೈಲೆ ನೆಲ ಸವರಿ ನೋಡಿದ್ಲು.

"ಹೊಸ್ತಿಲಿಲ್ಲದ್ದು ಮನಿ ಹ್ಯಾಂಗ ಆಗ್ತದ ಬೀಗ್ರೇ? ಬಸರಿ ಹೆಣ್ಣುಮಗಳು ಏನು ದಾಟಿ ಒಳಗ ಬರ್ಬೇಕು? ದನದ ಕೊಟ್ಟಗಿನಾ ಇದು? ರೇವಮ್ಮ, ಇಳೀಬ್ಯಾಡ. ತಿರುವ್ರೋ ಗಾಡಿ!"

ಯವ್ವಾ! ಆಕಿ ಜುಟ್ಟು ಹಿಡಿಯಾಕ ಮುಂದ ಹೋಗಿದ್ದೆ, ಖರೇನೇ ಹೇಳ್ತೇನಿ. ಅಷ್ಟ್ರಾಗ ನಮ್ಮ ಗೌಂಡಿ ಒಳಗ ಹೋಗಿ ತಮ್ಮ ಪಟ್ಟಿ ತಂದ್ರು. ಗ್ವಾಡಿ ಮಟ್ಟ ನೋಡೂ ಸಾಗವಾನಿ ಪಟ್ಟಿ, ಅವರಪ್ಪನ ಕಾಲದ್ದು. ಮನ್ಯಾಗ ಯಾರ ಕಾಲೂ ಅದಕ್ಕ ತಾಗಂಗಿರಲಿಲ್ಲ. ಒಮ್ಮೆ ನಾನು ಗೊತ್ತಿಲ್ದ ದಾಟಿದ್ದಕ್ಕ ನನಕೂಡ ಮಾತು ಬಿಟ್ಟಿದ್ರು. ಆ ಪಟ್ಟಿ ತಂದು ಬಾಗಲಕ್ಕ ಅಡ್ಡ ಇಟ್ರು. ಇಟ್ಟು ನನ್ನ ಕಡಿ ನೋಡಿದ್ರು. ನನಗ ತಿಳೀತು. ಓಡಿ ಹೋಗಿ ಅರಿಷಿಣ ಕುಂಕುಮ ತಂದು ಪಟ್ಟಿಗೆ ಬಡದೆ.

"ನೋಡ್ಬೇ ಹಣಮವ್ವ" ಅಂದೆ, "ಅರಿಷಿಣ ಬಿದ್ದದ. ಇನ್ನೂ ಹೊಸ್ತಿಲಲ್ಲ ಅಂತಿದ್ರ ನೀನೇ ಬಂದು ಒರಸು."

ಅರಿಷಿಣ ಒರಸಾಕ ಯಾವ ಮುತ್ತೈದಿ ಕೈ ಎದ್ದೀತು? ಹಣಮವ್ವ ಪಟ್ಟಿ ನೋಡಿದ್ಲು, ನನ್ನ ನೋಡಿದ್ಲು. ಆಮ್ಯಾಲ ಗಾಡಿ ಹತ್ರ ಹೋಗಿ ತಾನೇ ಸೊಸಿ ರಟ್ಟಿ ಹಿಡಿದು ಇಳಿಸಿದ್ಲು. "ಬಲಗಾಲು ಮುಂದಿಡು ನನ್ನವ್ವ" ಅಂದ್ಲು.

ರೇವಮ್ಮ ದಾಟಿದ್ಲು. ಡಾಕ್ಟರಬಾಯಿ ಹೊಟ್ಟಿಮ್ಯಾಲ ಕೈ ಆಡಿಸಿ, "ಅಡ್ಡನೇ ಅದ. ಆದ್ರ ಹೊತ್ತು ಮೀರಿಲ್ಲ" ಅಂದು ಹೊರಗಿಂದನೇ ಒತ್ತಿ ಒತ್ತಿ ಕೂಸಿನ್ನ ತಿರುಗಿಸಿದ್ಲು. ನನ್ನ ಮಗಳು ನನ್ನ ಕೈ ಕಚ್ಚಿದ್ಲು, ಗುರುತು ಇನ್ನೂ ಅದ ನೋಡು. ಹಿಂದ ಪಡಸಾಲ್ಯಾಗ ಹಣಮವ್ವ ಒಲಿ ಮುಂದ ಕುಂತು ಕಣ್ಣಾಗ ನೀರು ಸುರಿಸ್ಕೋತ ಕಟ್ಟಿಗಿ ಒಟ್ಟಾಕತ್ತಿದ್ಲು. ಬೀಗರ ಮನ್ಯಾಗ ಒಲಿ ಮುಟ್ಟಬಾರದು ಅನ್ನೂ ಪದ್ಧತಿ ಆಕಿಗೆ ಆವತ್ತು ನೆನಪೇ ಆಗಲಿಲ್ಲ.

ದನ ಮನಿಗೆ ಬರೂ ಹೊತ್ತಿಗೆ ಕೂಸು ಅತ್ತಿತು. ಗಂಡು ಕೂಸು. ಯಪ್ಪಾ, ಎಂಥಾ ಜೋರು ಅಳು ಅಂತಿ! ನಾನು ಅಲ್ಲೇ ನೆಲದ ಮ್ಯಾಲ ಕುಂತು ಅತ್ತೆ, ನಕ್ಕೆ, ಮತ್ತ ಅತ್ತೆ. ಹೊರಗ ಅವರು ಗ್ವಾಡಿಗೆ ಬೆನ್ನು ಹಚ್ಚಿ ಕುಂತಿದ್ರು. "ಇಬ್ಬರೂ ಚಲೋ ಅದಾರ್ರಿ" ಅಂದೆ. ರುಮಾಲ ತಗದು ಮುಖ ಮುಚ್ಚಿಕೊಂಡ್ರು. ಆಮ್ಯಾಲ ಹಸಿವಾಗೇದ ಅಂದ್ರು.

ಭಾದ್ರಪದದಾಗ ದಿಲ್ಲಿ ಸರ್ಕಾರದ ಮಿಲ್ಟ್ರಿ ಬಂತು, ಗದ್ದಲ ಮುಗೀತು. ನಾವು ಖಜೂರಿಗೆ ಹೋದ್ವಿ. ನಮ್ಮ ಮನಿ ಮಾಳಿಗಿ ಕುಸದಿತ್ತು. ಬಾಗಲದ ಚೌಕಟ್ಟು, ಹೊಸ್ತಿಲು ಯಾರೋ ಕಿತ್ತಿ ಒಯ್ದಿದ್ರು. ನಾನು ಗೋಳೋ ಅಂತ ಅತ್ತೆ. "ಅಳಬ್ಯಾಡ ಬೇ. ಮಗಳು ಅದಾಳ, ಮೊಮ್ಮಗ ಅದಾನ. ಗ್ವಾಡಿ ಕಟ್ಟೂದು ನನಗೆ ಬರ್ತದ" ಅಂದ್ರು. ಕೆಲಸ ಸುರು ಮಾಡಾಕ ಪಟ್ಟಿ ಬೇಕಲ್ಲ, ಅದು ದವಾಖಾನ್ಯಾಗೇ ಉಳದಿತ್ತು. ತರ್ತೇನಿ ಅಂತ ಜೇವರ್ಗಿಗೆ ಹೋದ್ರು.

ಬರಿಗೈಲೆ ತಿರುಗಿ ಬಂದ್ರು.

"ಯಾಕ್ರಿ, ಡಾಕ್ಟರಬಾಯಿ ಕೊಡ್ಲಿಲ್ಲೇನು?" ಅಂದೆ.

"ನಾನು ಕೇಳೇ ಇಲ್ಲ" ಅಂದ್ರು. "ನಾ ಹೋದಾಗ ನಮ್ಮ ಬೀಗತಿ ಬಾಗಲದಾಗ ನಿಂತಿದ್ಲು. ಅಂದೋಲಾದ ಯಾರದೋ ಸೊಸಿನ್ನ ಕರಕೊಂಡು ಬಂದಿದ್ಲು. ಪಟ್ಟಿಗೆ ಅರಿಷಿಣ ಹಚ್ಚಾಕತ್ತಿದ್ಲು. 'ಹೆದರಬ್ಯಾಡ ಬೇ, ದಾಟು. ಇದು ನಮ್ಮ ಬೀಗರ ಮನಿ' ಅಂದ್ಲು ಆ ಹುಡುಗಿಗೆ."