ಇಬ್ಬರು ಮುತ್ತಮ್ಮಂದಿರು, ಒಂದು ಜಾಲಕ

೧೯೯೮ರಲ್ಲಿ ಮಾಲಿನಿ ಅರಸೀಕೆರೆಯ ಖಾಸಗಿ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತ ಪಿಎಚ್.ಡಿ. ಮಾಡುತ್ತಿದ್ದಳು. ವಿಷಯ ಜಾಲಕಗಳು. ಒಂದು ಕೋಷ್ಟಕದಲ್ಲಿ ಯಾವ ಅಂಕಣಗಳು ಗೊತ್ತಾದರೆ ಬೇರೆ ಯಾವುವು ತಾವಾಗಿ ನಿಶ್ಚಯವಾಗುತ್ತವೆ ಎಂದು ನೋಡಬೇಕು. ಅವನ್ನೂ ಸೇರಿಸಿಕೊಂಡು ಪೂರ್ತಿಯಾದ ಗುಂಪುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಗೆರೆ ಎಳೆದು ಜೋಡಿಸಬೇಕು. ಇದರಿಂದ ಯಾರಿಗೇನು ಉಪಯೋಗ ಎಂದು ಸಹೋದ್ಯೋಗಿಗಳು ನಗುತ್ತಿದ್ದರು.

ಆ ಬೇಸಿಗೆಯಲ್ಲಿ ಗೆಂಡೆಹಳ್ಳಿಯಿಂದ ಅವಳ ಸೋದರತ್ತೆ ಮುತ್ತಮ್ಮ ಬಂದರು.

"ರೇಷನ್ ಕೊಡಕಿಲ್ಲ ಅಂತಾರೆ ಕಣವ್ವ. ನನ್ನ ಹೆಸರು ಕಂಪ್ಯೂಟರಲ್ಲಿ ಇಲ್ವಂತೆ."

ಪಡಿತರ ಚೀಟಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಬೇಲೂರಿನ ಒಂದು ಏಜೆನ್ಸಿಗೆ ಸಿಕ್ಕಿತ್ತು. ಮಾಲಿನಿ ಅತ್ತೆಯನ್ನು ಕರೆದುಕೊಂಡೇ ಅಲ್ಲಿಗೆ ಹೋದಳು. ಹೆಸರು, ಗಂಡನ ಹೆಸರು, ಊರು ಮೂರೂ ಒಂದೇ ಆದರೆ ವ್ಯಕ್ತಿಯೂ ಒಬ್ಬರೇ ಎಂಬುದು ಅವರ ನಿಯಮ. ಗೆಂಡೆಹಳ್ಳಿಯಲ್ಲಿ ತಿಮ್ಮಯ್ಯ ಎಂಬವರು ಇಬ್ಬರು, ಇಬ್ಬರ ಹೆಂಡತಿಯರ ಹೆಸರೂ ಮುತ್ತಮ್ಮ. ಒಬ್ಬರನ್ನು ಅಳಿಸಿದ್ದರು.

"ಎರಡೆರಡು ಸಲ ಬರೆಸಿಕೊಂಡಿರ್ತಾರೆ ಮೇಡಂ. ನಿಮ್ಮ ಕಾಲೋನಿಯವರದು ಇದೇ ಕಥೆ," ಎಂದ ಮ್ಯಾನೇಜರ್ ಇಂದುಧರ.

ಮಾಲಿನಿಗೆ ಮೈಯೆಲ್ಲ ಉರಿಯಿತು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ.

"ನಿಮ್ಮ ಮೊದಲಿನ ಪಟ್ಟಿ ತೆಗೀರಿ," ಎಂದು ತೆಗೆಸಿ, ಎರಡು ಸಾಲುಗಳ ಮೇಲೆ ಬೆರಳಿಟ್ಟಳು. "ಒಬ್ಬರೇ ಆಗಿದ್ರೆ ಮನೆ ನಂಬರೂ ಒಂದೇ ಇರಬೇಕಿತ್ತು. ಇಲ್ಲಿ ಎರಡು ಮನೆ ಇವೆ, ಎರಡು ವಯಸ್ಸಿದೆ. ಆ ಮೂರರಿಂದ ಮನುಷ್ಯರನ್ನ ಗುರುತಿಸಕ್ಕಾಗಲ್ಲ ಅಂತ ನಿಮ್ಮ ಕೋಷ್ಟಕವೇ ಹೇಳ್ತಿದೆ. ಮೋಸ ಇವರದಲ್ಲ, ತಪ್ಪು ನಿಮ್ಮ ನಿಯಮದ್ದು."

"ಗಣಿತ ಕಾಲೇಜಲ್ಲಿ ಹೇಳಿ ಮೇಡಂ. ಅಳಿಸಿದ್ದು ಅಳಿಸಿದ್ದೇ."

ಮಾಲಿನಿ ತಾಲ್ಲೂಕು ಕಚೇರಿಯಿಂದ ಇಡೀ ಹೋಬಳಿಯ ಹಳೆಯ ಪಟ್ಟಿಯ ನಕಲು ಪಡೆದು, ರಜೆಯ ಮೂರು ವಾರ ಅದರ ಮುಂದೆ ಕೂತಳು. ಜಾಲಕ ಬರೆದು ನೋಡಿದರೆ ಏಜೆನ್ಸಿ ನಂಬಿದ್ದ ಮೂರು ಅಂಕಣಗಳ ಗುಂಪು ಎಲ್ಲೋ ನಡುವೆಯೇ ನಿಂತಿತು. ಮನೆ ನಂಬರು ಸೇರಿದಾಗ ಮಾತ್ರ ಅದು ಎಲ್ಲ ಅಂಕಣಗಳೂ ಸೇರುವ ತುದಿ ಮುಟ್ಟಿ, ಆ ಸಾಲಿನಲ್ಲಿರುವವರು ಯಾರೆಂಬುದು ಖಚಿತವಾಗುತ್ತಿತ್ತು. ಅದೇ ಅಂಕಣವನ್ನು ಅವರು ಕೈಬಿಟ್ಟಿದ್ದರು. ಅಳಿಸಿಹೋದವರು ನಲವತ್ತೊಂದು ಜನ. ಅವರಲ್ಲಿ ಮೂವತ್ತಾರು ಮಂದಿ ದಲಿತ ಕಾಲೋನಿಗಳವರು. ಅವಳು ಒಬ್ಬೊಬ್ಬರ ಮನೆಗೂ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಅರ್ಜಿ ಕೊಟ್ಟಳು.

ನಾಲ್ಕು ತಿಂಗಳಾದ ಮೇಲೆ ಹೆಸರುಗಳು ಮರಳಿದವು. ತಾಂತ್ರಿಕ ದೋಷ ಎಂದು ಏಜೆನ್ಸಿ ಒಂದು ಸಾಲು ಬರೆದು ಕೈತೊಳೆದುಕೊಂಡಿತು. ಮೋಸಗಾರರೆಂದು ಅಂದದ್ದಕ್ಕೆ ಕ್ಷಮೆ ಕೇಳಲಿಲ್ಲ.

"ನಾಕು ತಿಂಗಳ ಅಕ್ಕಿ ಯಾರು ಕೊಡ್ತಾರೆ?" ಎಂದು ಮುತ್ತಮ್ಮ ಕೇಳಿದರು. ಯಾರೂ ಕೊಡಲಿಲ್ಲ.

ಹಳೇಬೀಡು ಹೋಬಳಿಯ ಕೆಲಸವೂ ಅದೇ ಏಜೆನ್ಸಿಗೆ ಹೋಯಿತು. ಈ ಸಲ ಒಂದು ಹೆಸರೂ ಅಳಿಯುವ ಮೊದಲೇ, ಮನೆ ನಂಬರನ್ನು ಕೈಬಿಡಬಾರದೆಂಬ ಮಾಲಿನಿಯ ಅರ್ಜಿ, ಜಾಲಕದ ಚಿತ್ರದ ಸಮೇತ, ತಾಲ್ಲೂಕು ಕಚೇರಿಯ ಮೇಜಿನ ಮೇಲಿತ್ತು.